ಕಾಣೆಯಾದ ಒಂದು ಸೆಲ್, ಗೋಡೆ ಮೇಲೆ ಒಂದು ಗೆರೆ: ಒಂದು ಮನೆಯ ಪ್ರಕರಣ ಅಧ್ಯಯನ

ರಿಮೋಟಿನ ನಾಣ್ಯದಂಥ ಸೆಲ್ (ಬ್ಯಾಟರಿ) ಕಾಣೆಯಾಗಿ, ಮಗು ನುಂಗಿತೇನೋ ಅಂತ ಎಲ್ಲರೂ ಗಾಬರಿಯಾದದ್ದು ನನ್ನ ತಂಗಿಯ ಮನೆಯಲ್ಲಿ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಮಗುವಿಗೆ ಆಗ 17 ತಿಂಗಳು. ಮನೆಯಲ್ಲಿ ತಂಗಿ, ಅವಳ ಗಂಡ, ಮಗು, ಮತ್ತೆ ಆ ತಿಂಗಳು ಅವರ ಜೊತೆ ಇರೋಣ ಅಂತ ಹೋಗಿದ್ದ ನಮ್ಮ ಅಮ್ಮ. ಅಂದರೆ ಒಂದು ಮಗುವಿಗೆ ಮೂವರು ದೊಡ್ಡವರು. ಮೂವರೂ ಜವಾಬ್ದಾರಿ ಇರುವವರು, ಮಗುವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುವವರು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಇಂಥದ್ದು ಕೇಳಿದ ತಕ್ಷಣ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು "ಮಗು ಕಡೆ ಗಮನ ಇರಲಿಲ್ವಾ?" ಅಂತ. ಇತ್ತು. ಗಮನ ಇದ್ದೂ ಆಯಿತು, ಅದು ಹೇಗೆ ಅನ್ನೋದೇ ಈ ಬರಹ.

ಶನಿವಾರ ಸಂಜೆ ಆರು ಗಂಟೆ ಸುಮಾರು. ತಂಗಿ ಒಲೆ ಮುಂದೆ ಇದ್ದಳು, ಗಂಡ ಹಾಲಿನಲ್ಲಿ ಮಗುವಿನ ಜೊತೆ ಇದ್ದಾನೆ ಅಂದುಕೊಂಡಿದ್ದಳು. ಅವನಿಗೆ ಆಫೀಸಿನಿಂದ ಫೋನ್ ಬಂತು, ಬಾಲ್ಕನಿಗೆ ಹೋದ, ಅತ್ತೆ ಇದ್ದಾರಲ್ಲ ಅಂದುಕೊಂಡ. ಅಮ್ಮ ಒಳಗಿನ ರೂಮಿನಲ್ಲಿ ಬಟ್ಟೆ ಮಡಚುತ್ತಿದ್ದರು, ಅಳಿಯನ ದನಿ ಕೇಳಿಸುತ್ತಿತ್ತು, ಸರಿ ಮಗು ಅವರ ಹತ್ತಿರವೇ ಇದೆ ಅಂದುಕೊಂಡರು. ಹೀಗೆ ಆರೇಳು ನಿಮಿಷ. ಯಾರೂ ಮಗುವನ್ನು ಬಿಟ್ಟು ಹೋಗಿರಲಿಲ್ಲ, ಆದರೆ ಯಾರ ಹತ್ತಿರವೂ ಮಗು ಇರಲಿಲ್ಲ.

ತಂಗಿ ಹಾಲಿಗೆ ಬಂದಾಗ ಮಗು ಸೋಫಾ ಪಕ್ಕ ಕೂತಿತ್ತು. ಎದುರಿಗೆ ದೀಪದ ಚಿಕ್ಕ ರಿಮೋಟು, ಚಪ್ಪಟೆಯಾಗಿ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಅದರ ಸೆಲ್ ಇಡುವ ಟ್ರೇ ಹೊರಗೆ ಎಳೆದಿತ್ತು. ಖಾಲಿ. ಮಗುವಿನ ಗಲ್ಲದ ಮೇಲೆಲ್ಲ ಜೊಲ್ಲು. ಹಲ್ಲು ಬರುತ್ತಿದ್ದ ಕಾಲ, ಜೊಲ್ಲು ದಿನವೂ ಇರುತ್ತಿತ್ತು. ಹಾಗಾಗಿ ಇದು ಆ ಜೊಲ್ಲೋ ಬೇರೆಯದೋ ಗೊತ್ತಾಗುವ ಹಾಗಿರಲಿಲ್ಲ.

ನನಗೆ ಫೋನ್ ಬಂತು.

"ಅಕ್ಕಾ, ರಿಮೋಟಿನ ಸೆಲ್ ಕಾಣ್ತಾ ಇಲ್ಲ. ಪಾಪು ಏನೋ ಜಗೀತಿತ್ತು ಅನ್ಸುತ್ತೆ. ಬಾಯಿಗೆ ಬೆರಳು ಹಾಕಿ ನೋಡಿದೆ, ಏನೂ ಸಿಗಲಿಲ್ಲ."

"ಯಾವ ಸೆಲ್? ಉದ್ದದ್ದಾ, ನಾಣ್ಯದ ಥರದ್ದಾ?"

"ನಾಣ್ಯದ ಥರದ್ದು."

"ಹುಡುಕಬೇಡ. ಹೊರಡು. ನಾನು ಅಲ್ಲಿಗೇ ಬರ್ತೀನಿ."

ಅವಳಿಗೆ ಇನ್ನೊಂದು ಐದು ನಿಮಿಷ ಸೋಫಾ ಕೆಳಗೆ ನೋಡಿಬಿಡೋಣ ಅನ್ನಿಸಿತ್ತಂತೆ. ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಸೆಲ್ ಸಿಕ್ಕಿಬಿಟ್ಟರೆ ಎಲ್ಲಾ ಮುಗಿಯಿತಲ್ವಾ? ಆದರೆ ಸಿಗದಿದ್ದರೆ ಆ ಐದು ಹತ್ತಾಗುತ್ತದೆ, ಹತ್ತು ಅರ್ಧ ಗಂಟೆಯಾಗುತ್ತದೆ, ಮತ್ತೆ ಈ ವಿಷಯದಲ್ಲಿ ಅರ್ಧ ಗಂಟೆ ಸಣ್ಣದಲ್ಲ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಸಿಆರ್ 2032 ಅನ್ನುವ ಸೆಲ್. 20 ಅಂದರೆ ಅಗಲ 20 ಮಿಲಿಮೀಟರ್, 32 ಅಂದರೆ ದಪ್ಪ 3.2 ಮಿಲಿಮೀಟರ್. 3 ವೋಲ್ಟ್ ಲಿಥಿಯಂ. ಈ ಅಗಲವೇ ಅಪಾಯ. ತೀರಾ ಚಿಕ್ಕ ಸೆಲ್ ಎಷ್ಟೋ ಸಲ ಹೊಟ್ಟೆಗೆ ಇಳಿದು ಹೋಗುತ್ತದೆ, ಇದು ಚಿಕ್ಕ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಅಳತೆಯದು. ಸಿಕ್ಕಿಕೊಂಡ ಕಡೆ ಎಂಜಲಿನ ತೇವ ಎರಡೂ ಬದಿಗೆ ತಾಗಿದ ಕೂಡಲೇ ಕರೆಂಟು ಹರಿಯೋಕೆ ಶುರುವಾಗುತ್ತದೆ, ಸೆಲ್ಲಿನ ಮೈನಸ್ ಬದಿಯಲ್ಲಿ ಕ್ಷಾರ ಹುಟ್ಟುತ್ತದೆ, ಆ ಕ್ಷಾರ ಒಳಗಿನ ಮಾಂಸವನ್ನು ಸುಡುತ್ತದೆ. ಎರಡು ಗಂಟೆಯಲ್ಲಿ ತೀವ್ರ ಗಾಯ ಆಗಬಹುದು. ಸೆಲ್ ಒಡೆದು ಒಳಗಿನದು ಸೋರಿದರೆ ಮಾತ್ರ ತೊಂದರೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ, ಒಡೆಯದ ಸೆಲ್ಲೇ ಸುಡುತ್ತದೆ. ಹಳೇದು, ರಿಮೋಟು ನಡೆಸೋಕೂ ಆಗದ ಸೆಲ್ ಅಂತ ಸಮಾಧಾನ ಪಡುವ ಹಾಗೂ ಇಲ್ಲ. ಸುಡುವಷ್ಟು ಚಾರ್ಜು ಅದರಲ್ಲಿ ಉಳಿದಿರುತ್ತದೆ.

ಹೊರಡುವ ಮುಂಚೆ ತಂಗಿ ಎರಡು ಟೀ ಚಮಚ ಜೇನುತುಪ್ಪ ಕುಡಿಸಿದಳು, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಅಷ್ಟೇ ಕೊಟ್ಟಳು. ಇದು ಮನೆಮದ್ದಲ್ಲ. ಜೇನು ಸೆಲ್ಲಿನ ಸುತ್ತ ಲೇಪದ ಹಾಗೆ ನಿಂತು ಸುಡುವಿಕೆಯನ್ನು ನಿಧಾನ ಮಾಡುತ್ತದೆ ಅಂತ ವೈದ್ಯರೇ ಹೇಳುವ ಕ್ರಮ. ಅದಕ್ಕೆ ಷರತ್ತುಗಳಿವೆ: ಮಗುವಿಗೆ ಒಂದು ವರ್ಷ ತುಂಬಿರಬೇಕು, ನುಂಗಿ 12 ಗಂಟೆ ದಾಟಿರಬಾರದು, ಮಗು ಸರಿಯಾಗಿ ನುಂಗುತ್ತಿರಬೇಕು, ಆರು ಸಲಕ್ಕಿಂತ ಜಾಸ್ತಿ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಮನೆಯಲ್ಲಿ ಜೇನು ಇಲ್ಲದಿದ್ದರೆ ಅದನ್ನು ಹುಡುಕಿಕೊಂಡು ಅಲೆಯಲೂಬಾರದು, ನೇರ ಆಸ್ಪತ್ರೆಗೆ ಹೋಗಬೇಕು. ಬೇರೆ ಊಟ, ನೀರು ಬೇಡ. ವಾಂತಿ ಮಾಡಿಸುವುದಂತೂ ಬೇಡವೇ ಬೇಡ. ತಂಗಿ ಮಾಡಿದ ಒಂದು ತಪ್ಪು, ಕಣ್ಣಿಗೆ ಏನೂ ಕಾಣದೆ ಬಾಯೊಳಗೆ ಬೆರಳು ಹಾಕಿದ್ದು. ಒಳಗೆ ಏನಾದರೂ ಇದ್ದರೆ ಅದು ಇನ್ನೂ ಹಿಂದಕ್ಕೆ ಹೋಗುತ್ತದೆ. ಕಂಡರೆ ಮಾತ್ರ ತೆಗೆಯಬೇಕು.

ಆಸ್ಪತ್ರೆಯಲ್ಲಿ ಕುತ್ತಿಗೆಯಿಂದ ಹೊಟ್ಟೆಯವರೆಗೆ ಎಕ್ಸ್‌ರೇ ತೆಗೆದರು. ನಾಣ್ಯವೂ ಎಕ್ಸ್‌ರೇಯಲ್ಲಿ ದುಂಡಗೇ ಕಾಣುತ್ತದೆ, ಸೆಲ್ ಆದರೆ ಅಂಚಿನಲ್ಲಿ ಒಂದರೊಳಗೊಂದು ಎರಡು ಉಂಗುರ ಕಾಣುತ್ತವೆ ಅಂತ ಡಾಕ್ಟರು ವಿವರಿಸಿದರು. ನಮ್ಮ ಪುಣ್ಯಕ್ಕೆ ಯಾವ ಉಂಗುರವೂ ಇರಲಿಲ್ಲ. ಆಮೇಲೆ ಮೂಗು, ಕಿವಿ ಎರಡನ್ನೂ ದೀಪ ಹಾಕಿ ನೋಡಿದರು, ಅಲ್ಲಿ ಸೇರಿಕೊಂಡರೂ ಸೆಲ್ ಹಾಗೇ ಸುಡುತ್ತದಂತೆ. ಅಲ್ಲೂ ಇಲ್ಲ. ತಂಗಿ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟಳು. "ಸುಮ್ನೆ ಓಡಿ ಬಂದ್ವಿ ಅನ್ಸುತ್ತಾ ಡಾಕ್ಟ್ರೇ?" ಅಂತ ಅವಳ ಗಂಡ ಕೇಳಿದ. "ಇದಕ್ಕೆ ಹೀಗೆ ಹತ್ತು ಸಲ ಓಡಿ ಬಂದರೂ ಸರಿಯೇ," ಅಂದರು ಅವರು.

ನುಂಗಿದ ಮಗುವಿಗೆ ಮೊದಮೊದಲು ಏನೂ ಆಗದ ಹಾಗೇ ಇರಬಹುದು. ಆಡುತ್ತಿರುತ್ತದೆ. ಇಲ್ಲವೇ ಜೊಲ್ಲು ಜಾಸ್ತಿ, ಊಟ ಬೇಡ ಅನ್ನುವುದು, ಕೆಮ್ಮು, ಇವೆಲ್ಲ ನೆಗಡಿಗೂ ಆಗುತ್ತವೆ. ಅದಕ್ಕೇ ಲಕ್ಷಣ ನೋಡಿಕೊಂಡು ಕಾಯುವುದು ತಪ್ಪು. ಸೆಲ್ ಕಾಣೆಯಾಗಿದೆ ಅನ್ನುವುದೇ ಇಲ್ಲಿ ಲಕ್ಷಣ.

ನೆಲದ ಮೇಲೆ ಒಂದು ಗಂಟೆ

ಮಾರನೆಯ ದಿನ ಸುದ್ದಿ ತಿಳಿದು ನೆಂಟರ ಫೋನುಗಳು. ಎಲ್ಲರಿಗೂ ಉತ್ತರ ಕೊಡಬೇಕಾದವಳು ತಂಗಿ ಒಬ್ಬಳೇ, ಅವಳ ಗಂಡನನ್ನು ಯಾರೂ ಏನೂ ಕೇಳಲಿಲ್ಲ. ನನಗೆ ನಿಜವಾಗಿಯೂ ಸಿಟ್ಟು ಬಂತು. ಅಮ್ಮನಾದವಳನ್ನು ಬೈದರೆ ಮನೆಯಲ್ಲಿರುವ ಒಂದು ಸೆಲ್ಲೂ ಜಾಗ ಬದಲಿಸುವುದಿಲ್ಲ. ಫೋನ್ ಪಕ್ಕಕ್ಕಿಡು, ಮೊದಲು ಆ ಸೆಲ್ ಹುಡುಕೋಣ ಬಾ ಅಂದೆ.

ನಿಂತುಕೊಂಡು ಹುಡುಕಿದರೆ ಸಿಗಲಿಲ್ಲ. ಆಮೇಲೆ ಇಬ್ಬರೂ ನೆಲಕ್ಕೆ ಇಳಿದೆವು. ಮೊಣಕೈ ಊರಿ, ಗಲ್ಲ ನೆಲಕ್ಕೆ ತಾಗುವ ಹಾಗೆ, ಮಗು ಅಂಬೆಗಾಲಲ್ಲಿ ಹೋಗುವ ದಾರಿಯಲ್ಲೇ ಹೋದೆವು. ಇದನ್ನು ದಯವಿಟ್ಟು ಒಮ್ಮೆ ಮಾಡಿ ನೋಡಿ. ಮನೆ ಬೇರೆಯೇ ಆಗಿಬಿಡುತ್ತದೆ. ನಿಂತಾಗ ಕಾಣುವುದು ಸೋಫಾದ ಕುಶನ್, ಮಲಗಿದಾಗ ಕಾಣುವುದು ಸೋಫಾದ ಹೊಟ್ಟೆ. ಮೇಜಿನ ಮೇಲಿನ ಬಟ್ಟೆಯ ಅಂಚು ಕಣ್ಣೆದುರಿಗೇ ತೂಗುತ್ತದೆ, ಎಳಿ ಅಂತ ಕರೆಯುವ ಹಾಗೆ. ಕೆಟಲ್ಲಿನ ವೈರು ಅಡುಗೆಮನೆ ಕಟ್ಟೆಯಿಂದ ಇಳಿಬಿದ್ದಿದ್ದು ನನಗೆ ಅಷ್ಟು ವರ್ಷದಲ್ಲಿ ಕಂಡೇ ಇರಲಿಲ್ಲ, ಕೆಳಗಿನಿಂದ ನೋಡಿದರೆ ಆ ಕಟ್ಟೆಯಲ್ಲಿ ಕಾಣುವುದು ಅದೊಂದೇ.

ಸೆಲ್ ಸಿಕ್ಕಿತು. ಚಪ್ಪಲಿ ಸ್ಟ್ಯಾಂಡಿನ ಕೆಳಗೆ, ಗೋಡೆಗೆ ಒರಗಿ ಅಂಚಿನ ಮೇಲೆ ನಿಂತಿತ್ತು, ಸೋಫಾದಿಂದ ಮೂರು ಮೀಟರ್ ದೂರ ಉರುಳಿಕೊಂಡು ಹೋಗಿ. ಅದರ ಮೈಮೇಲೆ ಧೂಳು ಅಂಟಿತ್ತು. ಧೂಳು ಅಂಟಬೇಕಾದರೆ ತೇವ ಇರಬೇಕು. ಬಾಯಿಗೆ ಹೋಗಿ ಬಂದಿತ್ತು ಅಂತಲೇ ನನಗೆ ಅನ್ನಿಸುತ್ತದೆ. ತಂಗಿಗೆ ಅದನ್ನು ಆ ದಿನ ಹೇಳಲಿಲ್ಲ.

ಸೆಲ್ ಜೊತೆ ಇನ್ನೂ ನಾಲ್ಕು ವಸ್ತು ಸಿಕ್ಕವು. ಒಂದು ಹೇರ್‌ಪಿನ್. ಫ್ರಿಜ್ ಮೇಲೆ ಅಂಟಿಸುವ ಗೊಂಬೆಯಿಂದ ಕಳಚಿ ಬಿದ್ದ ಪುಟ್ಟ ಅಯಸ್ಕಾಂತ. ಒಡೆದ ಬಲೂನಿನ ತುಂಡು. ಮತ್ತೆ ಅಮ್ಮ ಮಲಗುವ ಮಂಚದ ಕಾಲಿನ ಹಿಂದೆ ಒಂದು ಬಿಳಿ ಮಾತ್ರೆ. ಅಮ್ಮನ ಬಿಪಿ ಮಾತ್ರೆ. ಅವರು ಅದನ್ನು ಕೈಗೆತ್ತಿಕೊಂಡು ನೋಡಿದರು, ಮಾತೇ ಆಡಲಿಲ್ಲ. ಸೆಲ್ ವಿಷಯ ಬಿಟ್ಟು ಆ ಮಾತ್ರೆ ನನ್ನನ್ನು ಈಗಲೂ ಕಾಡುತ್ತದೆ. ದೊಡ್ಡವರ ಬಿಪಿ, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಒಂದೆರಡೇ ಸಾಕು, ಇಷ್ಟು ಚಿಕ್ಕ ಮಗುವಿನ ಜೀವಕ್ಕೆ ಬರುತ್ತದೆ. ಅಯಸ್ಕಾಂತವೂ ಹಾಗೇ. ಒಂದನ್ನು ನುಂಗಿ, ಆಮೇಲೆ ಇನ್ನೊಂದನ್ನು ನುಂಗಿದರೆ ಅವು ಕರುಳಿನ ಬೇರೆ ಬೇರೆ ಸುರುಳಿಯಿಂದ ಒಂದನ್ನೊಂದು ಎಳೆದುಕೊಂಡು ನಡುವಿನ ಕರುಳನ್ನೇ ತೂತು ಮಾಡುತ್ತವೆ.

ಗೋಡೆ ಮೇಲಿನ ಗೆರೆ

ಆವತ್ತೇ ಇನ್ನೊಂದು ಕೆಲಸ ಮಾಡಿದೆವು. ಮಗುವನ್ನು ಗೋಡೆ ಪಕ್ಕ ನಿಲ್ಲಿಸಿ, ಮೇಲೆ ಒಂದು ಆಟದ ಸಾಮಾನು ಹಿಡಿದೆ. ಮಗು ತುದಿಗಾಲಲ್ಲಿ ನಿಂತು ಕೈ ಚಾಚಿತು. ಬೆರಳ ತುದಿ ಎಲ್ಲಿಗೆ ಬಂತೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮಗುವಿನ ಎತ್ತರ 80 ಸೆಂಟಿಮೀಟರ್. ಗೆರೆ 95ರಲ್ಲಿ. ಅಡುಗೆಮನೆ ಕಟ್ಟೆ ಅಳೆದರೆ 86.

ತಂಗಿ ಆ ಕಟ್ಟೆಯ ಮೇಲೆ ಇಟ್ಟದ್ದೆಲ್ಲ ಮಗುವಿಗೆ ಎಟುಕುವುದಿಲ್ಲ ಅಂತಲೇ ನಂಬಿದ್ದಳು, ನಾವೆಲ್ಲ ಮಗುವಿನ ತಲೆ ಎಲ್ಲಿಗೆ ಬರುತ್ತದೆ ಅಂತ ನೋಡುತ್ತೇವೆಯೇ ಹೊರತು ಕೈ ಎಲ್ಲಿಗೆ ಹೋಗುತ್ತದೆ ಅಂತ ನೋಡುವುದಿಲ್ಲ. ಕಟ್ಟೆಯ ಅಂಚಿನಲ್ಲಿಟ್ಟ ಬಿಸಿ ಲೋಟ ಎರಡು ವಾರದಿಂದಲೋ ಒಂದು ತಿಂಗಳಿಂದಲೋ ಮಗುವಿನ ಕೈಯಳತೆಯಲ್ಲೇ ಇತ್ತು.

ಅದಾದಮೇಲೆ ಗೆರೆಯೇ ಮನೆಯ ಅಳತೆಗೋಲಾಯಿತು. ಗೆರೆಗಿಂತ ಕೆಳಗೆ ಇರುವುದೆಲ್ಲ ಮಗುವಿನದು, ಅದರಲ್ಲಿ ಅಪಾಯದ್ದು ಇರಬಾರದು. ಕೆಟಲ್ ಕಟ್ಟೆಯ ಹಿಂದಿನ ಮೂಲೆಗೆ ಹೋಯಿತು, ಉಳಿದ ವೈರನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆವು. ಮೇಜಿನ ಬಟ್ಟೆ ತೆಗೆದೆವು. ಬಿಸಿ ಪಾತ್ರೆ ಹಿಂದಿನ ಒಲೆಯ ಮೇಲೆ, ಹಿಡಿ ಒಳಕ್ಕೆ ತಿರುಗಿಸಿ. ಬಿಸಿ ಅಂದರೆ ಕುದಿಯುವುದೇ ಆಗಬೇಕಿಲ್ಲ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ, ಮಗುವಿನ ಚರ್ಮ ಅದಕ್ಕಿಂತ ತೆಳು. ಹಾಗಾಗಿ ನೀರು ಕಾಯಿಸುವ ಗೀಸರನ್ನೂ 50 ಡಿಗ್ರಿಗಿಂತ ಕೆಳಗೆ ಇಳಿಸಿದರು. ಸುಟ್ಟರೆ ಏನು ಮಾಡಬೇಕು ಅಂತ ಮೂವರಿಗೂ ಬಾಯಿಪಾಠ ಮಾಡಿಸಿದೆ: ಬಟ್ಟೆ ಅಂಟಿಕೊಂಡಿಲ್ಲದಿದ್ದರೆ ಬಿಚ್ಚು, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿ. ಐಸ್ ಬೇಡ, ಪೇಸ್ಟ್ ಬೇಡ, ಎಣ್ಣೆ ಬೇಡ.

ಸೆಲ್ಲುಗಳ ಕಥೆ ಒಂದು ಇಡೀ ಸಂಜೆ ತಗೊಂಡಿತು. ನಾಣ್ಯದಂಥ ಸೆಲ್ ಇರುವ ವಸ್ತು ಮನೆಯಲ್ಲಿ ಎಷ್ಟಿವೆ ಅಂತ ಕೇಳಿದಾಗ ತಂಗಿ "ರಿಮೋಟು, ಇನ್ನೊಂದೆರಡು ಇರಬಹುದು" ಅಂದಳು. ಎಣಿಸಿದರೆ ಒಂಬತ್ತು. ಜ್ವರ ನೋಡುವ ಥರ್ಮಾಮೀಟರ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಕಾರಿನ ಕೀ, ಹಾಡುವ ಗ್ರೀಟಿಂಗ್ ಕಾರ್ಡ್, ಮಿನುಗುವ ಪುಟ್ಟ ದೀಪದ ಸರ, ಅದೂ ಇದೂ. ಸ್ಕ್ರೂ ಹಾಕಿ ಮುಚ್ಚುವವು ಉಳಿದವು. ಸುಮ್ನೆ ಜಾರಿಸಿ ತೆಗೆಯುವಂಥವಕ್ಕೆಲ್ಲ ಗಟ್ಟಿ ಟೇಪು ಸುತ್ತಿ ಮೇಲಿನ ಬೀರುವಿಗೆ ಹಾಕಿದೆವು, ಹಾಡುವ ಕಾರ್ಡನ್ನು ಸೆಲ್ ತೆಗೆದು ಇಟ್ಟುಕೊಂಡರು. ಮುಗಿದ ಸೆಲ್ ತೆಗೆದು ಮೇಜಿನ ಮೇಲೆ ಇಡುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ತೆಗೆದ ಕೈಯಲ್ಲೇ ಎರಡೂ ಬದಿಗೆ ಟೇಪು ಅಂಟಿಸಿ, ಮಗುವಿಗೆ ಸಿಗದ ಡಬ್ಬಿಗೆ ಹಾಕಬೇಕು.

ಬಾಯಿಗೆ ಹೋಗುವ ಬೇರೆ ಸಣ್ಣ ವಸ್ತುಗಳಿಗೆ ಸುಲಭದ ಪರೀಕ್ಷೆ ಇದೆ. ಟಿಶ್ಯೂ ರೋಲ್ ಮುಗಿದಮೇಲೆ ಉಳಿಯುವ ರಟ್ಟಿನ ಕೊಳವೆಯಲ್ಲಿ ಯಾವುದು ತೂರುತ್ತದೋ ಅದು ಗೆರೆಯ ಮೇಲಕ್ಕೆ. ಆ ಕೊಳವೆ ಈಗಲೂ ಅವರ ಬೀರುವಿನ ಹಿಡಿಗೆ ದಾರದಲ್ಲಿ ತೂಗುತ್ತಿದೆ.

ಮಾತ್ರೆಗೆ ಬೀಗದ ಡಬ್ಬಿ ಬಂತು. ಅಮ್ಮನಿಗೆ ಮೊದಲು ಬೇಜಾರಾಯಿತು, "ಒತ್ತಿ ತಿರುಗಿಸೋ ಮುಚ್ಚಳ ಇದೆಯಲ್ಲ, ನನಗೇ ತೆಗೆಯೋಕಾಗಲ್ಲ" ಅಂದರು. ಅಮೆರಿಕದಲ್ಲಿ ಇಂಥ ಮುಚ್ಚಳಕ್ಕೆ 1970ರಲ್ಲೇ ಕಾನೂನು ಬಂತು. ಅಲ್ಲಿನ ಪರೀಕ್ಷೆಯಲ್ಲಿ ಮೂರೂವರೆಯಿಂದ ನಾಲ್ಕು ವರ್ಷದ ಆಸುಪಾಸಿನ ಮಕ್ಕಳ ಕೈಗೆ ಕೊಡುತ್ತಾರೆ, ಪಾಸಾಗಬೇಕಾದರೆ ಮೊದಲ ಐದು ನಿಮಿಷದಲ್ಲಿ ನೂರಕ್ಕೆ ಕನಿಷ್ಠ 85 ಮಕ್ಕಳಿಗೆ ತೆಗೆಯಲು ಆಗಬಾರದು. ಅಂದರೆ ಪಾಸಾದ ಮುಚ್ಚಳವನ್ನೂ ತೆಗೆಯುವ ಮಕ್ಕಳು ಇರುತ್ತಾರೆ. ಆ ಮುಚ್ಚಳ ಸ್ವಲ್ಪ ಹೊತ್ತು ಕೊಡುತ್ತದೆ ಅಷ್ಟೇ, ತಡೆಯುವುದಿಲ್ಲ. ಇದನ್ನು ಹೇಳಿದಮೇಲೆ ಅಮ್ಮ ತಾವೇ ಬೀಗದ ಕೀಯನ್ನು ಸರದಲ್ಲಿ ಹಾಕಿಕೊಂಡರು. ಮಾತ್ರೆ ತಗೊಳ್ಳುವಾಗ ಒಂದು ತಟ್ಟೆಯ ಮೇಲೆ ಬಿಡಿಸಿಕೊಳ್ಳುತ್ತಾರೆ, ಉರುಳಿದರೂ ತಟ್ಟೆಯಲ್ಲೇ ಇರುತ್ತದೆ ಅಂತ. ಆ ಉಪಾಯ ಅವರದೇ.

ಬಚ್ಚಲುಮನೆಯ ಬಕೆಟ್ ಈಗ ಖಾಲಿ ಮಾಡಿ ಬೋರಲು ಹಾಕುತ್ತಾರೆ. ಈ ವಯಸ್ಸಿನ ಮಗುವಿಗೆ ತಲೆಯೇ ಭಾರ. ಬಕೆಟ್ಟಿಗೆ ಬಗ್ಗಿದರೆ ತಲೆ ಮುಂದಾಗಿ ಬೀಳುತ್ತದೆ, ತಾನಾಗಿ ಎದ್ದು ಬರಲು ಆಗುವುದಿಲ್ಲ, ಐದು ಸೆಂಟಿಮೀಟರ್ ನೀರು ಸಾಕು. ಸದ್ದೂ ಆಗುವುದಿಲ್ಲ. ಕೂಗಿದರೆ ಕೇಳಿಸುತ್ತದೆ ಅನ್ನುವ ಧೈರ್ಯ ನೀರಿನ ವಿಷಯದಲ್ಲಿ ಬೇಡ. ಬಾಗಿಲಿಗೆ ಹೊರಗಡೆ, ಎತ್ತರದಲ್ಲಿ ಒಂದು ಚಿಲಕ ಹಾಕಿಸಿದರು.

ಬಟ್ಟೆಯ ಡ್ರಾಯರ್ ಬೀರುವನ್ನು ಗೋಡೆಗೆ ಬಿಗಿದದ್ದು ತಂಗಿಯ ಗಂಡ. ಮೂರೂ ಡ್ರಾಯರ್ ಹೊರಗೆ ಎಳೆದರೆ ಅದು ಮಗುವಿಗೆ ಮೆಟ್ಟಿಲು, ಹತ್ತಿದ ಕೂಡಲೇ ಬೀರು ಮುಂದಕ್ಕೆ ಮಗುಚುತ್ತದೆ. ಅವನು ಅದನ್ನು ನಂಬಿರಲಿಲ್ಲ, ಡ್ರಾಯರ್ ಎಲ್ಲ ಎಳೆದು ಕೆಳಗಿನದರ ಮೇಲೆ ಕೈಯೂರಿ ಒತ್ತಿ ನೋಡಿದ, ಬೀರುವಿನ ಹಿಂಗಾಲು ನೆಲ ಬಿಟ್ಟಿತು. ಮರುಮಾತಿಲ್ಲದೆ ಡ್ರಿಲ್ ತಂದ. ಕಿಟಕಿ ಪಕ್ಕದ ಕುರ್ಚಿ ಸರಿಸಿದ್ದು, ಪರದೆಯ ಹಗ್ಗ ಮೇಲಕ್ಕೆ ಕಟ್ಟಿದ್ದು, ಇವೆಲ್ಲ ಅರ್ಧ ಗಂಟೆಯ ಕೆಲಸ.

ಎಲ್ಲವೂ ಸರಿಹೋಯಿತು ಅಂತಲ್ಲ. ಪ್ಲಗ್ ಪಾಯಿಂಟಿಗೆ ಚುಚ್ಚುವ ಪ್ಲಾಸ್ಟಿಕ್ ಮುಚ್ಚಳ ತಂದಿದ್ದರು, ಮೂರನೇ ದಿನ ಒಂದು ಮಗುವಿನ ಬಾಯಲ್ಲಿತ್ತು. ಕೊಳವೆಯಲ್ಲಿ ಹಾಕಿದರೆ ಸಲೀಸಾಗಿ ತೂರಿತು. ಎಲ್ಲವನ್ನೂ ಕಿತ್ತು ಹಾಕಿ, ಪ್ಲಗ್ ಹಾಕಿದಾಗ ಮಾತ್ರ ಸರಿಯುವ ಮುಚ್ಚಳ ಒಳಗೇ ಇರುವ ಸಾಕೆಟ್ ಹಾಕಿಸಿದರು. ಅಡುಗೆಮನೆ ಬಾಗಿಲಿಗೆ ತಂದ ಗೇಟು ಒಂದು ವಾರ ನಡೆಯಿತು. ತೆಗೆದು ಹಾಕುವುದು ಕಷ್ಟವಾಗಿ ಅಮ್ಮ ಅದನ್ನು ದಾಟಿಕೊಂಡು ಓಡಾಡಲು ಶುರುಮಾಡಿದರು, ಒಮ್ಮೆ ಕಾಲು ಸಿಕ್ಕಿಕೊಂಡು ಬೀಳುವುದರಲ್ಲಿದ್ದರು. ವಯಸ್ಸಾದವರು ಬೀಳುವ ಮನೆ ಮಗುವಿಗೂ ಕ್ಷೇಮವಲ್ಲ. ಗೇಟು ವಾಪಸ್ ಹೋಯಿತು.

ಇವೆಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಒಂದು ಮಾತು. ಎದ್ದು ಹೋಗುವವರು "ಪಾಪು ನಿಮ್ಮ ಹತ್ರ" ಅನ್ನಬೇಕು. ಇನ್ನೊಬ್ಬರು ಮಗುವನ್ನು ನೋಡಿಕೊಂಡೇ "ಹೂಂ, ನನ್ನ ಹತ್ರ" ಅನ್ನಬೇಕು. ಉತ್ತರ ಬರದಿದ್ದರೆ ಎದ್ದು ಹೋಗುವ ಹಾಗಿಲ್ಲ, ಫೋನ್ ಹೊಡೆದುಕೊಳ್ಳಲಿ. ಮೊದಲ ಕೆಲವು ದಿನ ಅಳಿಯ ಅತ್ತೆಗೆ ಹೀಗೆ ಹೇಳೋಕೆ ಹಿಂಜರಿದ, ಹಿರಿಯರಿಗೆ ಕೆಲಸ ಹೇಳಿದ ಹಾಗೆ ಆಗುತ್ತದೆ ಅಂತ. ಅಮ್ಮನೇ ಒಂದು ದಿನ "ಹೇಳಿಯಪ್ಪಾ, ಹೇಳಿದ್ರೆ ತಾನೆ ನನಗೆ ಗೊತ್ತಾಗೋದು" ಅಂದರು. ಅಲ್ಲಿಂದ ಸರಾಗವಾಯಿತು. ಆ ಶನಿವಾರದ ಆರೇಳು ನಿಮಿಷದಲ್ಲಿ ಇಲ್ಲದೇ ಹೋಗಿದ್ದು ಈ ಎರಡು ಮಾತೇ. ಮಗು ಯಾರ ಹತ್ತಿರವೂ ಇಲ್ಲದ ಒಂದೆರಡು ನಿಮಿಷ ಎಷ್ಟೇ ಮಾಡಿದರೂ ಬಂದೇ ಬರುತ್ತವೆ, ಗೆರೆ ಇರುವುದು ಆ ನಿಮಿಷಗಳಿಗೆ.

ಮೂರು ತಿಂಗಳಾದಮೇಲೆ ಮತ್ತೆ ಅಳೆದೆವು. ಹಳೇ ಗೆರೆ ಮಾಸಿತ್ತು, ಆದರೂ ಕಾಣುತ್ತಿತ್ತು. ಹೊಸ ಗೆರೆ 99ಕ್ಕೆ ಬಂತು. ನಾಲ್ಕೇ ಸೆಂಟಿಮೀಟರ್ ಅಲ್ವಾ ಅಂತ ನಾವು ಮಾತಾಡುತ್ತಿದ್ದಾಗ ಮಗು ತನ್ನ ಪುಟ್ಟ ಸ್ಟೂಲನ್ನು ನೆಲದ ಮೇಲೆ ಕರಕರ ಅಂತ ಎಳೆದುಕೊಂಡು ಬಂತು, ಗೋಡೆ ಪಕ್ಕ ಇಟ್ಟಿತು, ಹತ್ತಿ ನಿಂತು ಕೈ ಚಾಚಿತು. ಬೆರಳು 1 ಮೀಟರ್ 28ರಲ್ಲಿ. ಬಚ್ಚಲುಮನೆಯ ಚಿಲಕ ಇದ್ದದ್ದು 1 ಮೀಟರ್ 20ರಲ್ಲಿ. ತಂಗಿ ನನ್ನ ಮುಖ ನೋಡಿದಳು, ಅವಳ ಗಂಡ ಆಗಲೇ ಸ್ಕ್ರೂಡ್ರೈವರ್ ಹುಡುಕೋಕೆ ಎದ್ದಿದ್ದ. ಬಾಗಿಲ ಹತ್ತಿರ ತಿರುಗಿ "ಅಕ್ಕಾ, ಪಾಪು ನಿಮ್ಮ ಹತ್ರ" ಅಂದ.

"ಹೂಂ, ನನ್ನ ಹತ್ರ," ಅಂದೆ. ಸ್ಟೂಲಿನ ಮೇಲಿಂದ ಮಗುವನ್ನು ಎತ್ತಿಕೊಂಡೆ.